ಮುಖ ಬೇಡ, ಕೈ ಸಾಕು

“ಏಯ್, ತಲೆ ಹಿಂದಕ್ಕೆ ತಗೋ! ಮುಖ ತರಬೇಡ ಅಂತ ನಿಂಗೆ ಎಷ್ಟು ಸಲ ಬಡ್ಕೊಳ್ಳೋದು? ಕೈ ಸಾಕು, ಕೈ!”

ಪಾರ್ವತೆವ್ವ ತಲೆಯನ್ನು ಹಿಂದಕ್ಕೆಳೆದುಕೊಂಡಳು. ಲ್ಯಾಪ್‌ಟಾಪಿನ ಕಣ್ಣಿಗೆ ಅವಳ ಎರಡು ಕೈ ಮಾತ್ರ ಬೀಳಬೇಕು, ಅದೂ ಮೊಣಕೈಯಿಂದ ಕೆಳಗೆ. ಮೊಣಕೈಯಿಂದ ಮೇಲಿನ ಪಾರ್ವತೆವ್ವ ಕೆನಡಾ ದೇಶದಲ್ಲಿ ಇರಲೇ ಇಲ್ಲ.

ಆ ಕೈಗಳೇನು ಸಾಮಾನ್ಯವೇ? ರೋಣ ತಾಲೂಕಿನ ಅರ್ಧ ಜನ ನೆಟ್ಟಗೆ ನಡೆಯುತ್ತಿದ್ದರೆ ಅದು ಆ ಕೈ ತಿಕ್ಕಿದ್ದಕ್ಕೆ. ಉಳಿದರ್ಧ ಜನ ಸೊಟ್ಟಗೆ ನಡೆಯುವುದು ಅವರ ತಾಯಂದಿರು ಬೇರೆಯವರಿಂದ ಎರೆಸಿಕೊಂಡದ್ದಕ್ಕೆ. ಒಂಬೈನೂರ ತೊಂಬತ್ತೊಂಬತ್ತು ಬಾಣಂತಿಯರಿಗೆ ನೀರೆರೆದ ಕೈ. ಸಾವಿರದವಳು ಥಾರ್ನ್‌ಹಿಲ್ಲಿನಲ್ಲಿ ಹೆರುತ್ತಾಳೆಂದು ವಿಮಾನ ಹತ್ತಿಸಿ ತಂದರು. ಅವಳು ರಾಜಲಕ್ಷ್ಮಮ್ಮನ ಮಗಳು ಅಕ್ಷಯಾ. ಅಕ್ಷಯಾಳ ಬಾಣಂತನ ಮುಗಿಯಿತು, ಪಾರ್ವತೆವ್ವನ ಆರು ತಿಂಗಳ ವೀಸಾನೂ ಮುಗಿಯಿತು, ರಾಜಲಕ್ಷ್ಮಮ್ಮನ ಅಗತ್ಯ ಮಾತ್ರ ಮುಗಿಯಲಿಲ್ಲ.

ಯಾಕೆಂದರೆ ರಾಜಲಕ್ಷ್ಮಮ್ಮ ಅಷ್ಟರಲ್ಲಿ ಗುರುಗಳಾಗಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಕ್ಲೈನ್‌ಬರ್ಗಿನ ತಮ್ಮ ಮನೆಯ ಹಾಲಿನಲ್ಲಿ ಕೂತು, ಕಂಪ್ಯೂಟರಿನಲ್ಲೇ ಹಸಿ ಬಾಣಂತಿಯರಿಗೆ ಪಾಠ. ‘ಬಾಣಂತಿಯ ಮನಸ್ಸು’ ಅಂತ ಹೆಸರು. ಆರೋಗ್ಯದ ಒಂದು ಸಂಸ್ಥೆ ಪಾಠವನ್ನು ಕನ್ನಡದಲ್ಲಿ ಬರೆಸಿ, ಸ್ಲೈಡು ಮಾಡಿಸಿ ಕೊಟ್ಟಿತ್ತು. ಇವರು ಓದಬೇಕು ಅಷ್ಟೇ. ಆ ಹಾಲೋ, ಎರಡು ಜೊತೆ ಎತ್ತು ಹೂಡಿ ಕುಂಟೆ ಹೊಡೆಯಬಹುದು. ಮನೆಯಲ್ಲಿ ಮನುಷ್ಯರು ಇಬ್ಬರು, ಬಚ್ಚಲು ಏಳು.

ಆ ಏಳು ಬಚ್ಚಲನ್ನೂ ಉಜ್ಜುವವಳೇ ಈಗ ಪಾರ್ವತೆವ್ವನ ಕೈ ಕೆಳಗೆ ಯೋಗದ ಚಾಪೆಯ ಮೇಲೆ ಮಲಗಿದ್ದಳು. ಹೆಸರು ಧನುಶ್ರೀ. ಮಂಡ್ಯದ ಕಡೆಯವಳು, ಕಾಲೇಜು ಓದಲು ಬಂದವಳು, ಗಂಡ ಲೋಕೇಶನ ಜೊತೆ ಇದೇ ಮನೆಯ ಬೇಸ್‌ಮೆಂಟಿನಲ್ಲಿದ್ದಳು. ಬಾಡಿಗೆಯ ಬದಲು ಮೇಲಿನ ಮನೆಗೆಲಸ. ಹೆತ್ತು ಎರಡು ತಿಂಗಳಾಗಿತ್ತು. ಶನಿವಾರ ಮಾತ್ರ ಅವಳಿಗೆ ರಾಜಲಕ್ಷ್ಮಮ್ಮನ ಇಳಕಲ್ ಸೀರೆ, ಹಣೆಗೆ ಕುಂಕುಮ, ಮುಖಕ್ಕೊಂದು ನಗು. ಪಾಠದಲ್ಲಿ ತೋರಿಸುವ ಬಾಣಂತಿ ಅವಳು.

“ನೋಡೀಮ್ಮಾ ಎಲ್ರೂ,” ರಾಜಲಕ್ಷ್ಮಮ್ಮನ ದನಿ ಈಗ ಜೇನುತುಪ್ಪ. “ಬಾಣಂತಿ ಅಂದ್ರೆ ಮಗೂ ಥರಾನೇ. ಅವಳಿಗೆ ರೆಸ್ಟ್ ಬೇಕು, ಪ್ರೀತಿ ಬೇಕು. ತಣ್ಣೀರು ಮುಟ್ಟಿಸ್ಬಾರ್ದು. ಕಣ್ಣಲ್ಲಿ ನೀರು ಹಾಕಿಸ್ಬಾರ್ದು.”

ಪರದೆಯ ಮೇಲೆ ನೂರಾರು ಕಿಟಕಿಗಳು, ಒಂದೊಂದರಲ್ಲೂ ನಿದ್ದೆಗೆಟ್ಟ ಒಂದೊಂದು ಮುಖ. ಥಾರ್ನ್‌ಹಿಲ್ಲಿನಿಂದ ಜಾರ್ಜ್‌ಟೌನಿನವರೆಗೆ ಇರುವ ಅಷ್ಟೂ ಬಾಣಂತಿಯರು ತಲೆಯಾಡಿಸಿದರು.

ಲ್ಯಾಪ್‌ಟಾಪು ಮುಚ್ಚಿತು. ಜೇನುತುಪ್ಪವೂ ಮುಚ್ಚಿತು.

“ಸೀರೆ ಬಿಚ್ಚಿ ಮಡಚಿಡೇ. ಎಣ್ಣೆ ಹತ್ತಿದ್ರೆ ನೋಡು ಮತ್ತೆ. ಮೇಲಿನ ಬಾತ್‌ರೂಮು ಗಬ್ಬು ನಾರ್ತಿದೆ, ಸಾಯಂಕಾಲ ಗೆಸ್ಟ್ ಬರ್ತಾರೆ. ಪಾರ್ವತೀ, ನಿನ್ನ ತಟ್ಟೆ ಗ್ಯಾರೇಜಲ್ಲಿದೆ. ಕಿಚನ್ನಿನ ನಲ್ಲಿ ಮುಟ್ಟಿದ್ಯೋ, ನೋಡು.”

ಹೊಲಸು ತೊಳೆಯುವ ಕೈ ಅದು. ಬಾಣಂತಿಯ ಮೈ ಮುಟ್ಟಬಹುದು, ಕೂಸಿನ ಹೇಲು ಮುಟ್ಟಬಹುದು, ಕ್ಯಾಮೆರಾದಲ್ಲಿ ಮಿಂಚಬಹುದು. ಅಡುಗೆಮನೆಯ ನಲ್ಲಿ ಮುಟ್ಟುವಂತಿಲ್ಲ, ದೇವರ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಪಾರ್ವತೆವ್ವನ ಪಾಸ್‌ಪೋರ್ಟು ಇದ್ದದ್ದು ದೇವರ ಮನೆಯಲ್ಲೇ, ಬೆಳ್ಳಿಯ ಮಂಟಪದ ಹಿಂದೆ. ಅದಕ್ಕೆ ಬೀಗವನ್ನೂ ಹಾಕಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕ್ಯಾಮೆರಾ ಇಲ್ಲದ ಎರೆಯುವಿಕೆ ಸೋಮವಾರ, ಗುರುವಾರ, ಬೇಸ್‌ಮೆಂಟಿನಲ್ಲಿ. ಅದಕ್ಕೆ ಯಾರೂ ಹೇಳಿರಲಿಲ್ಲ. ಕೈ ಸುಮ್ಮನಿರುವುದಿಲ್ಲ, ಅಷ್ಟೇ. ಬಟ್ಟೆ ಒಣಗಿಸುವ ಮಷೀನಿನ ಪಕ್ಕ, ಬೆಚ್ಚಗಿರಲೆಂದು, ಬಟ್ಟೆಯ ಬುಟ್ಟಿಯಲ್ಲಿ ಕೂಸು ತನ್ವಿಯನ್ನು ಮಲಗಿಸಿದ್ದರು. ಆ ಗುರುವಾರ ಕೂಸು ಆಕಾಶ ಹರಿಯುವ ಹಾಗೆ ಅಳುತ್ತಿತ್ತು. ಧನುಶ್ರೀ ತಿರುಗಿ ನೋಡಲಿಲ್ಲ. ಬಚ್ಚಲಿನ ಟಬ್ಬಿಗೆ ಬೆನ್ನು ಹಾಕಿ ಕೂತಿದ್ದಳು.

ಪಾರ್ವತೆವ್ವ ಬೆನ್ನಿಗೆ ಹರಳೆಣ್ಣೆ ಹಚ್ಚಿದಳು. ಕೈಗೆ ತಕ್ಷಣ ಗೊತ್ತಾಯಿತು.

“ಯಾಕವಾ ಮಗಳ, ಮೈ ಕಟಗಿ ಆಗೇತಿ? ಎದಿ ಬತ್ತೇತಿ. ಉಂಡೀ ಇಲ್ಲೋ? ನಿದ್ದಿ?”

“ನಿದ್ದೆ ಬರಾಕಿಲ್ಲ ಕಣವ್ವ. ಲೋಕಿ ಶಿಫ್ಟಿಗೆ ಹೋದ್ಮೇಲೆ ಗ್ವಾಡೆ ನೋಡ್ಕಂಡು ಕೂತಿರ್ತೀನಿ.”

“ಕೂಸು ಅಳಾಕತ್ತೇತಲ್ಲ.”

“ಅಳ್ಲಿ ಬುಡವ್ವ. ಅದ್ನ ನೋಡುದ್ರೆ ನಂಗೇನೂ ಅನ್ನಿಸಾಕಿಲ್ಲ. ಯಾರ್ದೋ ಮಗು ಅನ್ನಂಗಾಯ್ತದೆ.” ಉಸಿರಿನಲ್ಲೇ ಅಂದಳು: “ಈ ಟಬ್ಬಿಗೆ ನೀರು ಬುಡಾಕೆ ಹೆದರ್ಕೆ ನಂಗೆ. ನೀರು ತುಂಬದ ಕಂಡ್ರೆ ಏನೇನೋ ಬತ್ತದೆ ತಲೇಲಿ. ಒಂದ್ಸಲ ಅದ್ನ ಕಾಣ್ತೀನಿ ಅದ್ರೊಳಗೆ, ಒಂದ್ಸಲ ನನ್ನೇ ಕಾಣ್ತೀನಿ.”

ಪಾರ್ವತೆವ್ವ ತಂಬಿಗೆ ಕೆಳಗಿಟ್ಟಳು. ಇಂಥ ಬೆನ್ನು ಅವಳ ಕೈಗೆ ಮೊದಲೂ ಸಿಕ್ಕಿತ್ತು. ಒಂಬೈನೂರ ತೊಂಬತ್ತೊಂಬತ್ತರಲ್ಲಿ ಒಬ್ಬಳು. ಗಾಳಿ ಹಿಡಿದಿದೆಯೆಂದು ಬೇವಿನ ಸೊಪ್ಪಿನಲ್ಲಿ ಬಡಿದು ಬಿಟ್ಟಿದ್ದರು. ಮೂರನೇ ದಿನ ಬಾವಿಯಿಂದ ತೆಗೆದಾಗ ಅವಳ ಮೈಗೆ ಕೊನೆಯ ನೀರು ಹಾಕಿದ್ದೂ ಇದೇ ಕೈ. ಆ ಲೆಕ್ಕ ಹೇಳಿ ಪಾರ್ವತೆವ್ವ ಯಾರ ಮುಂದೆಯೂ ಜಂಬ ಕೊಚ್ಚಿದವಳಲ್ಲ.

“ಯಾರ ಮುಂದರ ಹೇಳೀ ಏನು ಇದನ್ನ?”

“ಮೇಲಿನ ಆಂಟಿಗೆ ಹೇಳ್ದೆ. ಬಾಯಿ ಬುಟ್ರೆ ಗೌರ್ಮೆಂಟವ್ರು ಬಂದು ಮಗೀನ ಎತ್ಕಂಡು ಹೋಯ್ತಾರೆ ಅಂದ್ರು.”

ಪಾರ್ವತೆವ್ವ ಎಣ್ಣೆಗೈಯಲ್ಲೇ ಮೆಟ್ಟಿಲು ಹತ್ತಿದಳು. ಅಡುಗೆಮನೆಯ ಹೊರಗೆ ನಿಂತಳು.

“ಅಮ್ಮಾರ, ಆ ಹುಡುಗಿಗೆ ಆರಾಮಿಲ್ರಿ. ಮೈಯಾಗಿಂದಲ್ರಿ, ಮನಸಿನಾಗಿಂದು. ನೀವು ಕಂಪ್ಯೂಟರಿನ್ಯಾಗ ಹೇಳ್ತೀರಲ್ರಿ, ಅದ. ಡಾಕ್ಟರ್‌ಗೆ ತೋರಸೂಣ್ರಿ.”

ರಾಜಲಕ್ಷ್ಮಮ್ಮ ಕಾಫಿ ಲೋಟದಿಂದ ತಲೆಯೆತ್ತಲಿಲ್ಲ.

“ಅದು ಕ್ಲಾಸಲ್ಲಿರೋರಿಗೆ ಕಣೇ. ಇವಳಿಗೇನು ದಾಡಿ? ಬಿಟ್ಟಿ ಮನೆ, ಬಿಟ್ಟಿ ಅನ್ನ. ಡಿಪ್ರೆಷನ್ನಂತೆ, ಡಿಪ್ರೆಷನ್ನು! ಬಾತ್‌ರೂಮು ತೊಳೆಯೋಕೆ ಮೈಗಳ್ಳತನ.”

“ಹಂಗಲ್ರಿ. ನಾ ಬಲ್ಲೆ. ಈ ಕೈಗೆ ಗೊತ್ತಾಗ್ತೈತ್ರಿ.”

“ಕೈಗೆ ಗೊತ್ತಾಗತ್ತಾ? ಎಂಎ ಮಾಡಿದೀಯಾ ಕೈಯಲ್ಲಿ?” ಈಗ ತಲೆಯೆತ್ತಿದರು. “ಶನಿವಾರ ಸಂಸ್ಥೆಯೋರು ಕ್ಲಾಸ್ ನೋಡೋಕೆ ಬರ್ತಿದಾರೆ. ಚೆನ್ನಾಗಾದ್ರೆ ಬೇರೆ ಊರುಗಳಿಗೂ ನಮ್ಮ ಪಾಠಾನೇ. ಆವತ್ತು ಇವಳು ನಗ್ತಾ ಮಲಗಿರಬೇಕು, ನೀನು ಬಾಯಿ ಮುಚ್ಕೊಂಡು ತಿಕ್ಕಬೇಕು. ನಿನ್ನ ಪಾಸ್‌ಪೋರ್ಟ್ ದೇವರ ಮನೇಲಿ ಭದ್ರವಾಗಿದೆ, ಅಲ್ವಾ? ಒಂದು ಫೋನ್ ಮಾಡಿದ್ರೆ ಪೊಲೀಸ್ ಬರ್ತಾರೆ. ವೀಸಾ ಇಲ್ದೆ ಕೂತಿದೀಯ.”

ಕೂರಿಸಿದವರು ಯಾರು ಅಂತ ಪಾರ್ವತೆವ್ವ ಕೇಳಲಿಲ್ಲ. ಗ್ಯಾರೇಜಿಗೆ ಬಂದು, ರಾಜಲಕ್ಷ್ಮಮ್ಮನ ಗಂಡ ಮಧುಸೂದನ ಸಾಹೇಬರ ಎರಡು ಕಾರುಗಳ ನಡುವೆ ನಿಂತು, ರೋಣದ ಸಂತೆಯಲ್ಲೂ ಯಾರೂ ಆಡದ ಬೈಗುಳಗಳನ್ನು ಒಂದೊಂದಾಗಿ ಆಡಿದಳು. “ನಿನ್ನ ಬಾಯಾಗ ಮಣ್ಣು ಬೀಳ್ಲಿ, ಹೇತ್ಲಾಂಡಿ. ನಿನ್ನ ಹೆಣಾ ಎತ್ಲಿ. ನಿನ್ನ ಏಳೂ ಬಚ್ಚಲದಾಗ ನಿನ್ನ ಹೇಲು ನೀನ ಬಳೀ.” ಕಾರುಗಳು ಕೇಳಿಸಿಕೊಂಡವು. ಆ ರಾತ್ರಿಯಿಂದ ಅವಳು ಮಲಗಿದ್ದು ಬೇಸ್‌ಮೆಂಟಿನ ಬಚ್ಚಲಿನ ಬಾಗಿಲಿಗೆ ಅಡ್ಡವಾಗಿ.

ಶನಿವಾರ ಬಂತು. ರಾಜಲಕ್ಷ್ಮಮ್ಮ ಉಟ್ಟ ರೇಷ್ಮೆಯ ಜರಿಗೆ ಕಿಟಕಿಯಾಚೆಯ ಹಿಮ ಕರಗಿ ಹರಿಯಬೇಕಿತ್ತು. ಪರದೆಯ ಮೂಲೆಯ ಕಿಟಕಿಯಲ್ಲಿ ಸಂಸ್ಥೆಯ ಚಂದ್ರಹಾಸ ಕೂತಿದ್ದ, ಕುಂದಾಪುರದ ಕಡೆಯವನು, ಕೈಯಲ್ಲೊಂದು ಪೆನ್ನು. ಧನುಶ್ರೀ ಇಳಕಲ್ ಸೀರೆಯಲ್ಲಿ ನಗುತ್ತ ಮಲಗಿದ್ದಳು. ಆ ನಗುವನ್ನು ಯಾರೋ ಪಿನ್ನು ಹಾಕಿ ಸಿಕ್ಕಿಸಿದಂತಿತ್ತು.

ರಾಜಲಕ್ಷ್ಮಮ್ಮ ಓದಿದರು. ನಡುವೆ ಎರಡು ಸಲ ಕಣ್ಣೊರೆಸಿಕೊಂಡರು. ಸ್ಲೈಡು ಹತ್ತು, ಹನ್ನೊಂದು, ಹನ್ನೆರಡು. ಆಮೇಲೆ ಹದಿನಾಲ್ಕು, ಊಟ ಉಪಚಾರದ್ದು.

“ಮೇಡಂ, ಒಂದ್ನಿಮಿಷ,” ಚಂದ್ರಹಾಸ ತಡೆದ. “ಹದಿಮೂರನೇ ಸ್ಲೈಡು ಹಾರಿ ಹೋಯ್ತಲ್ಲ?”

“ಅದು... ಸ್ವಲ್ಪ ಹೆವಿ ಆಗತ್ತೆ ಅಂತ. ಎಲ್ರೂ ಹಸಿ ಬಾಣಂತೀರು.”

“ಅದು ಕಡ್ಡಾಯ ಮಾರಾಯ್ರೆ. ಅದನ್ನು ಓದದೆ ಬಿಟ್ರೆ ಪಾಠ ಮಾಡಿದ್ದೇ ಅಲ್ಲ. ಇಷ್ಟು ವಾರವೂ ಓದ್ಲಿಲ್ವಾ ನೀವು?”

“ಛೆ ಛೆ, ಓದಿದೀನಿ, ಓದಿದೀನಿ.” ರಾಜಲಕ್ಷ್ಮಮ್ಮ ಹಿಂದಕ್ಕೆ ಹೋಗಿ, ರೈಲು ತಪ್ಪಿಹೋಗುತ್ತದೆಂಬಂತೆ ಓದಿದರು: “ನಿಮಗಾಗಲಿ ಮಗುವಿಗಾಗಲಿ ಕೇಡಾಗುವಂಥ ಯೋಚನೆಗಳು ಬರುತ್ತಿದ್ದರೆ ಕೂಡಲೇ ಯಾರಿಗಾದರೂ ಹೇಳಿ ಇದು ಕಾಯಿಲೆ ನಿಮ್ಮ ತಪ್ಪಲ್ಲ ಹೇಳಿದ ಮಾತ್ರಕ್ಕೆ ನಿಮ್ಮ ಮಗುವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಮುಂದಿನ ಸ್ಲೈಡು—”

ಕೈಗಳು ನಿಂತವು.

ಭೂಕಂಪವಾದಾಗಲೂ ಬಾಣಂತಿಯ ಬೆನ್ನಿನ ಮೇಲೆ ನಿಲ್ಲದ ಕೈಗಳು, ಅಷ್ಟೂ ಕಿಟಕಿಗಳೆದುರು ನಿಂತುಬಿಟ್ಟವು.

“ಇನ್ನೊಮ್ಮೆ ಓದ್ರಿ ಅಮ್ಮಾರ.”

ರಾಜಲಕ್ಷ್ಮಮ್ಮ ಕ್ಯಾಮೆರಾಕ್ಕೆ ನಕ್ಕರು. “ನಮ್ಮ ಹೆಲ್ಪರ್ರು. ತುಂಬಾ ಇನ್ನೊಸೆಂಟು, ಪಾಪ.” ಮೇಜಿನ ಕೆಳಗಿಂದ ಅವರ ಕಾಲು ಪಾರ್ವತೆವ್ವನ ಮೊಣಕಾಲನ್ನು ಒದೆಯಿತು.

ಮೊಣಕೈಯಿಂದ ಮೇಲಿನ ಪಾರ್ವತೆವ್ವ ಆಗ ಕೆನಡಾಕ್ಕೆ ಬಂದಳು. ಮೊದಲು ಹಚ್ಚೆಯ ತೋಳು, ಆಮೇಲೆ ಸುಕ್ಕಿನ ಕುತ್ತಿಗೆ, ಆಮೇಲೆ ಇಡೀ ಪರದೆ ತುಂಬುವಷ್ಟು ದೊಡ್ಡ ಮುಖ.

“ಒದೀಬ್ಯಾಡ್ರಿ. ಸಾವಕಾಶ ಓದ್ರಿ. ಈ ಹುಡುಗಿಗೆ ಕೇಳಂಗ ಓದ್ರಿ.”

“ಓದಿ ಮೇಡಂ,” ಅಂದ ಚಂದ್ರಹಾಸ. ಅವನ ಪೆನ್ನು ನಿಂತಿತ್ತು.

ಓದಬೇಕಾಯಿತು. ಒಂದೊಂದು ಮಾತೂ ಅವರ ಗಂಟಲಿನಿಂದ ಮುಳ್ಳಿನಂತೆ ಹೊರಬಂತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಧನುಶ್ರೀ ಎದ್ದು ಕೂತಿದ್ದಳು. ನಗು ಎಲ್ಲೋ ಕಳಚಿ ಬಿದ್ದಿತ್ತು.

“ಎತ್ಕಂಡು ಹೋಯ್ತಾರೆ ಅಂದ್ರಲ್ಲ ಆಂಟಿ ನೀವು?”

ರಾಜಲಕ್ಷ್ಮಮ್ಮ ಮುಂದಿನ ಸ್ಲೈಡಿಗೆ ಬೆರಳು ಒತ್ತಿದರು.

“ಎತ್ಕಂಡು ಹೋಯ್ತಾರೆ ಅಂತ ಸುಮ್ನಿದ್ದೆ ನಾನು. ಹೆತ್ತು ಒಂಬತ್ತು ದಿನಕ್ಕೇ ಬಚ್ಚಲು ಉಜ್ಜಿಸುದ್ರಿ, ಅದ್ಕೂ ಸುಮ್ನಿದ್ದೆ. ನಂಗೆ ಆ ಟಬ್ಬು ಕಂಡ್ರೆ—”

“ನೆಟ್‌ವರ್ಕ್ ಪ್ರಾಬ್ಲಂ, ಸಾರಿ ಎಲ್ರಿಗೂ, ನೆಟ್‌ವರ್ಕು...” ರಾಜಲಕ್ಷ್ಮಮ್ಮ ಲ್ಯಾಪ್‌ಟಾಪನ್ನು ಮುಚ್ಚಲು ಹೋದರು.

ಅದು ಮುಚ್ಚಲಿಲ್ಲ. ನಡುವೆ ಒಂದು ಕೈ ಇತ್ತು. ಹರಳೆಣ್ಣೆ ಸುರಿಯುವ, ಗಿಣ್ಣುಗಳು ಉಬ್ಬಿದ, ಸಾವಿರದೊಂದು ಬೆನ್ನು ತಿಕ್ಕಿದ ಕೈ.

“ತೆಗೀ! ನಿನ್ನ ಪಾಸ್‌ಪೋರ್ಟ್ ಸುಟ್ಟು ಹಾಕ್ತೀನಿ, ದರಿದ್ರದವಳೇ! ಪೊಲೀಸಿಗೆ ಕೊಡ್ತೀನಿ! ಕೈ ತೆಗಿಯೇ!”

ಎಲ್ಲರ ಕಿವಿಗೂ ಅದು ಬಿತ್ತು. ರಾಜಲಕ್ಷ್ಮಮ್ಮ ಎರಡೂ ಕೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಬೆರಳುಗಳು ಮೊದಲು ಬೆಳ್ಳಗಾದವು, ಆಮೇಲೆ ನೀಲಿ.

“ಮುಚ್ರಿ,” ಅಂದಳು ಪಾರ್ವತೆವ್ವ. “ಮುಚ್ರಿ ನೋಡೂಣು. ಕೈ ಸಾಕು ಅಂದಿದ್ರಲ್ಲ?”

ಕೆಳಗೆ ಬುಟ್ಟಿಯಲ್ಲಿ ಕೂಸು ಅಳಲು ಶುರುಮಾಡಿತು. ಆ ನಾಲ್ಕು ಬೆರಳಿನ ಸಂದಿಯಿಂದ, ಪರದೆಯೊಳಗಿನ ಯಾವುದೋ ಕಿಟಕಿಯ ಹೆಂಗಸಿನ ದನಿಯೊಂದು, ಅಳುತ್ತಿತ್ತೋ ಏನೋ, ಹೇಳುತ್ತಿತ್ತು:

“ಹೇಳಮ್ಮಾ. ನೀನು ಮುಂದೆ ಹೇಳು. ನಂಗೂ ಹಾಗೇ ಆಗ್ತಿದೆ.”

ರಾಜಲಕ್ಷ್ಮಮ್ಮ ಇನ್ನೂ ಒತ್ತುತ್ತಲೇ ಇದ್ದರು.