ಖಾಲಿ ಸೀಟಿನ ಪಾಪ

ಟೈರ್ ಅಂಗಡಿಯ ಯಜಮಾನರಿಗೆ ಭೂಮಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದು ಬೇಸಿಗೆ ರಜೆ ಹತ್ತಿರ ಬಂದಾಗ. ವ್ಯಾಪಾರಿಗಳ ಸಂಘದಲ್ಲಿ ಯಾರೋ ಬಂದು, ಪ್ರವಾಸಿಗರ ಗಾಡಿಗಳ ಹೊಗೆಯಿಂದಲೇ ಲೋಕ ಬೇಯುತ್ತಿದೆ ಎಂದು ಭಾಷಣ ಬಿಗಿದಿದ್ದರು. ಯಜಮಾನರು ಮನೆಗೆ ಬಂದವರೇ ಫ್ಯಾನು ಜೋರು ಮಾಡಿಕೊಂಡು, "ಈ ಸಲ ನಮ್ಮ ಪ್ರಯಾಣ ಪರಿಸರಸ್ನೇಹಿ," ಎಂದು ಘೋಷಿಸಿದರು.

ಹೆಂಡತಿ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ಯಾವ ಸ್ನೇಹಿಯಾದರೂ ಆಗಲಿ, ಅಕ್ಕನ ಮನೆ ಮುಟ್ಟಿದರೆ ಸಾಕಿತ್ತು ಅವಳಿಗೆ. ಸಮುದ್ರದೂರಿನ ಅಕ್ಕನ ಕಣ್ಣು ದಿನೇದಿನೇ ಮಂಜಾಗುತ್ತಿತ್ತು, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. "ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ ಕಣೇ. ನಿನ್ನ ಮುಖ ಕಾಣೋವಾಗ್ಲೇ ಬಂದುಬಿಡು," ಎಂದಿದ್ದಳು ಫೋನಿನಲ್ಲಿ. ಯಜಮಾನರೋ, "ಕಾರಿದೆಯಲ್ಲ, ನಾನೇ ಕರ್ಕೊಂಡು ಹೋಗ್ತೀನಿ," ಅನ್ನುತ್ತಲೇ ಎಷ್ಟೋ ಬೇಸಿಗೆಗಳನ್ನು ನುಂಗಿ ನೀರು ಕುಡಿದಿದ್ದರು.

ರೈಲೇ ಒಳ್ಳೆಯದು ಎಂದು ತೀರ್ಮಾನವಾಯಿತು. ಆದರೆ ಯಾವ ರೈಲಿನ ಹೊಗೆ ಎಷ್ಟೆಂದು ಯಜಮಾನರು ಸಂಶೋಧನೆ ಮುಗಿಸುವಷ್ಟರಲ್ಲಿ, ಅಷ್ಟು ಬುದ್ಧಿಯಿಲ್ಲದ ಜನ ಟಿಕೆಟ್ ಕೊಂಡು ರೈಲನ್ನೇ ತುಂಬಿಸಿಬಿಟ್ಟಿದ್ದರು. ಉಳಿದದ್ದು ಕಾರು. ತಕ್ಷಣ ಹೊಸ ಉಪದೇಶ ಹೊರಟಿತು: "ಕಾರು ತಪ್ಪಲ್ಲ, ಖಾಲಿ ಸೀಟು ಪಾಪ." ಅತ್ತ ಕಡೆ ಹೋಗುವವರನ್ನು ಪುಕ್ಕಟೆ ಕರೆದೊಯ್ಯುವುದಾಗಿ ಬೀದಿಗೆಲ್ಲ ಡಂಗುರ ಸಾರಿದರು. ಪುಕ್ಕಟೆ ಅಂದಮೇಲೆ ಪರಿಸರಪ್ರೇಮಿಗಳಿಗೆ ಬರವೇ? ಅವರಿಗೆ ಉಡುಗೊರೆಯಾಗಿ ಬಟ್ಟೆಚೀಲ ಹೊಲಿಯುವ ಕೆಲಸ ಟೈಲರಮ್ಮನ ತಲೆಗೆ ಬಂತು. ಹಳೇ ಬಟ್ಟೆ ಚೆನ್ನಾಗಿ ಕಾಣಲ್ಲವೆಂದು ಯಜಮಾನರು ಹೊಸದನ್ನೇ ತರಿಸಿದರು. ಅದು ಪ್ಲಾಸ್ಟಿಕ್ ಕವರಿನಲ್ಲಿ ಬಂತು.

ಹೊರಡುವ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಹಲ್ಲಿನ ಡಾಕ್ಟರು ಕೂತರು, ಹಿಂದೆ ಕೂತರೆ ಅವರಿಗೆ ವಾಂತಿ. ಹಿಂದಿನ ಸೀಟಿಗೆ ಎದುರುಮನೆಯ ಗಂಡ ಹೆಂಡತಿ, ಜೊತೆಗೆ ಅವರ ಭಾವ. ಯಜಮಾನರು ತಿರುಗಿ ಒಂದೊಂದೇ ಸೀಟು ನೋಡಿದರು. ಒಂದೂ ಖಾಲಿಯಿಲ್ಲ! ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಟೈಲರಮ್ಮ ಅಡುಗೆಮನೆಯ ಕಿಟಕಿ ಹಾಕಿ, ಮುಂಬಾಗಿಲಿಗೆ ಬೀಗ ಜಡಿದು ತಿರುಗುವಷ್ಟರಲ್ಲಿ ಕಾರು ಬೀದಿಯ ತಿರುವು ದಾಟಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ! ಅವಳಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಕಾಲು ತಾನಾಗಿ ನಡೆಯಿತು. ಮಿಕ್ಕಿದ್ದ ಒಂದು ಬಟ್ಟೆಚೀಲ ಹೆಗಲಿಗೇರಿಸಿ, ಹಿಂದಿನ ಬೀದಿಯ ಬಸ್ ನಿಲ್ದಾಣಕ್ಕೆ ಹೋಗಿ, ಸಮುದ್ರದೂರಿಗೆ ಬಸ್ಸಿದೆಯಾ ಎಂದು ಕೇಳಿದಳು.

"ಇದೇ ಅಮ್ಮಾ, ಹತ್ತಿ," ಎಂದ ಕಂಡಕ್ಟರ್.

ಅರ್ಧ ದಾರಿಯಲ್ಲಿ ಫೋನ್ ಬಂತು. "ಎಲ್ಲಿದ್ದೀಯೇ? ಪೆಟ್ರೋಲ್ ಬಂಕಲ್ಲಿ ಇಳಿದು ನೋಡಿದ್ರೆ ನೀನೇ ಇಲ್ಲ!"

"ಸೀಟು ಯಾವುದಾದ್ರೂ ಖಾಲಿ ಇತ್ತಾ?"

"ಇಲ್ಲ, ಆದ್ರೆ..."

"ಸರಿ ಬಿಡಿ, ನಿಮಗೆ ಪಾಪ ತಟ್ಟಲಿಲ್ಲ. ನಾನು ಬಸ್ಸಲ್ಲಿದ್ದೀನಿ. ಅವರನ್ನೆಲ್ಲ ಅವರವರು ಹೋಗಬೇಕಾದ ಬಾಗಿಲಿಗೆ ಬಿಟ್ಟು ನಿಧಾನಕ್ಕೆ ಬನ್ನಿ."

ಅಕ್ಕ ಬಾಗಿಲಲ್ಲೇ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ತುಂಬಾ ಹೊತ್ತು ನೋಡಿದಳು.

"ಎಷ್ಟು ಬೆಳ್ಳಗಾಗಿದೆಯೇ ನಿನ್ನ ಕೂದಲು!"

ತನ್ನ ನರೆಗೂದಲ ಬಗ್ಗೆ ಟೈಲರಮ್ಮ ಎಂದೂ ಇಷ್ಟು ಸಂತೋಷಪಟ್ಟಿರಲಿಲ್ಲ. ಅಕ್ಕನ ಹೆಗಲಿಗೆ ಒರಗಿ ಅತ್ತೇಬಿಟ್ಟಳು.

"ಹೇಗೆ ಬಂದೆ? ಕಾರೆಲ್ಲಿ?"

"ಬಸ್ಸಲ್ಲಿ ಬಂದೆ."

"ನಿಮ್ಮೂರಿಂದ ಇಲ್ಲಿಗೆ ಬಸ್ಸಿದೆಯಾ! ಯಾವಾಗಿಂದ?"

ಅದೇ ಪ್ರಶ್ನೆಯನ್ನು ಅವಳೂ ಕಂಡಕ್ಟರನಿಗೆ ಕೇಳಿದ್ದಳು.

"ನಾನು ಮದುವೆಯಾಗಿ ಆ ಬೀದಿಗೆ ಬರೋಕೂ ಮುಂಚಿನಿಂದ ಇದೆಯಂತೆ ಅಕ್ಕಾ," ಎಂದಳು. "ದಿನಾ ಸೀಟು ಖಾಲಿ ಬರ್ತಿತ್ತಂತೆ."