ಮೂರು ಅಂದರೆ ನೂರು ಕೇಳಿದ ಮೇಷ್ಟ್ರು

"ನೂರಾ? ಹತ್ತನೇ ಕ್ಲಾಸಿಗೆ ಬಂದು ಒಂಬತ್ತರ ವರ್ಗಮೂಲ ನೂರು ಅಂತೀಯಲ್ಲ, ನಿನ್ನ ತಲೇಲಿರೋದು ಮಿದುಳೋ ಹೊಟ್ಟೋ? ಓದು ನಿನಗೆ ದಂಡ. ಹೋಗು, ಅಮ್ಮನ ಪಕ್ಕ ಕೂತು ಗುಂಡಿ ಹೊಲಿ!"

ಲೆಕ್ಕದ ಮೇಷ್ಟ್ರು ಇಷ್ಟು ಅಂದದ್ದು ನಲವತ್ತು ಮಕ್ಕಳ ಮುಂದೆ. ಅನ್ನಿಸಿಕೊಂಡವಳು ದರ್ಜಿಯಮ್ಮನ ಮಗಳು, ಮೆಲುದನಿಯ ಹುಡುಗಿ. ಅವಳು ಹೇಳಿದ್ದು ನೂರು ಅಲ್ಲ, ಮೂರು. ಸರಿಯಾದ ಉತ್ತರ. ಕಡೇ ಬೆಂಚಿಗೂ ಕೇಳಿಸಿತ್ತು. ಕೇಳಿಸದೇ ಹೋದದ್ದು ಒಬ್ಬರಿಗೇ.

ಮಕ್ಕಳು ಗೊಳ್ಳೆಂದು ನಕ್ಕದ್ದು ಮೇಷ್ಟ್ರ ಕಿವಿಯ ಅವಸ್ಥೆಗೆ. ಹುಡುಗಿ ಮಾತ್ರ ತನ್ನನ್ನು ನೋಡಿಯೇ ನಕ್ಕರು ಅಂದುಕೊಂಡಳು. ಮಾರನೇ ದಿನ ಅವಳ ಜಾಗ ಖಾಲಿ. ನಾಲ್ಕನೇ ದಿನವೂ ಖಾಲಿ.

ಈ ಮೇಷ್ಟ್ರು ಕೆಟ್ಟವರಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಶಾಲೆ. ಹಿಂದೆ ಬಿದ್ದ ಮಕ್ಕಳಿಗೆ ಭಾನುವಾರವೂ ಪಾಠ. ಶಾಲೆ ಬಿಟ್ಟ ಮಗುವಿನ ಮನೆಗೆ ತಾವೇ ಸೈಕಲ್ ತುಳಿದುಕೊಂಡು ಹೋಗಿ ಕರೆದು ತಂದವರು. ಅವರ ಕೈಯಲ್ಲಿ ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ಮಗು ಒಂದೂ ಇರಲಿಲ್ಲ. ಎರಡು ವರ್ಷದಿಂದ ಮಾತ್ರ ಅವರಿಗೆ ಒಂದೇ ಗೊಣಗಾಟ: "ಈಗಿನ ಮಕ್ಕಳು ಬಾಯೊಳಗೇ ಮಾತಾಡ್ತಾವೆ."

ಐದನೇ ದಿನ ಮೇಷ್ಟ್ರು ಸೈಕಲ್ ಹತ್ತಿದರು.

ದರ್ಜಿಯಮ್ಮನ ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ ಗಡಗಡ ಅನ್ನುತ್ತಿತ್ತು. ಮೂಲೆಯಲ್ಲಿ ಹುಡುಗಿ ತಲೆ ಬಗ್ಗಿಸಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಪರೀಕ್ಷೆಗೆ ಎರಡೇ ತಿಂಗಳು. ಮಗಳನ್ನ ಕಳಿಸಮ್ಮ."

ದರ್ಜಿಯಮ್ಮ ಯಂತ್ರ ನಿಲ್ಲಿಸಿದಳು. "ನೀವೇ ಹೇಳಿದ ಕೆಲಸ ಮಾಡ್ತಿದಾಳಲ್ಲ ಸಾರ್. ಗುಂಡಿ ಹೊಲೀತಿದಾಳೆ. ಚೆನ್ನಾಗೇ ಹೊಲೀತಾಳೆ."

ಅಷ್ಟರಲ್ಲಿ ಮೇಷ್ಟ್ರ ಬೆನ್ನ ಹಿಂದೆ ಯಾರೋ ಬಂದರು. ಊರಿನ ಆರೋಗ್ಯ ಕಾರ್ಯಕರ್ತೆ. ಒಂದು ಕಾಲಕ್ಕೆ ಇವರದೇ ವಿದ್ಯಾರ್ಥಿನಿ.

"ನಮಸ್ಕಾರ ಸಾರ್," ಅಂದಳು. ಮೇಷ್ಟ್ರು ತಿರುಗಲಿಲ್ಲ. ಇನ್ನೊಂದು ಸಲ ಅಂದಳು. ಊಹೂಂ. ಎದುರಿಗೆ ಬಂದು ನಿಂತ ಮೇಲೆ, "ಓ, ನೀನಾ! ಯಾವಾಗ ಬಂದೆ?" ಅಂದರು.

ಕ್ಲಾಸಿನಲ್ಲಿ ನಡೆದದ್ದು ಅವಳ ಕಿವಿಗೂ ಬಿದ್ದಿತ್ತು. ಅವಳು ಯೋಚನೆಗೆ ಬಿದ್ದಳು. "ಸಾರ್, ಒಂದು ಆಟ ಆಡೋಣ. ಬಾಯಿ ಮುಚ್ಕೊಂಡು ಒಂದು ಪದ ಹೇಳ್ತೀನಿ. ಏನು ಕೇಳಿಸ್ತು ಹೇಳಿ."

"ಇದೇನಮ್ಮ ಹುಡುಗಾಟ?"

ಅವಳು ಅಲ್ಲೇ ಇದ್ದ ಬಟ್ಟೆಯ ತುಂಡನ್ನು ಬಾಯಿಗೆ ಅಡ್ಡ ಹಿಡಿದು, ಮಾಮೂಲಿ ದನಿಯಲ್ಲಿ, "ಮೂರು" ಅಂದಳು.

"ನೂರು," ಅಂದರು ಮೇಷ್ಟ್ರು ಠೀವಿಯಿಂದ.

ಮೂಲೆಯಲ್ಲಿ ಸೂಜಿ ನಿಂತಿತು. ಹುಡುಗಿ ಎದ್ದು ಬಂದು, ಐದು ದಿನದಿಂದ ನುಂಗಿಕೊಂಡಿದ್ದ ಮಾತನ್ನು ಜೋರಾಗಿ ಹೇಳಿದಳು: "ಅವತ್ತು ನಾನೂ ಅದನ್ನೇ ಹೇಳಿದ್ದು ಸಾರ್. ಮೂರು!"

ಮೇಷ್ಟ್ರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಆಮೇಲೂ ಬಿಡಲಿಲ್ಲ ಅವರ ಜಂಭ. "ನೆಗಡಿ ಇರ್ಬೇಕು. ಎರಡು ತೊಟ್ಟು ಎಣ್ಣೆ ಬಿಟ್ರೆ ಸರಿಹೋಗುತ್ತೆ."

"ಅಯ್ಯೋ, ಕಿವಿಗೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ," ಅಂದಳು ಕಾರ್ಯಕರ್ತೆ. "ಇರೋದೂ ಹಾಳಾಗುತ್ತೆ. ದೊಡ್ಡಾಸ್ಪತ್ರೇಲಿ ಕಿವಿ ಪರೀಕ್ಷೆ ಮಾಡ್ತಾರೆ. ಸೂಜಿ ಇಲ್ಲ, ನೋವಿಲ್ಲ. ಹೆಡ್‌ಫೋನ್ ಹಾಕ್ತಾರೆ, ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೆ. ಬರೀ ಗುಗ್ಗೆ ಕಟ್ಟಿದ್ರೆ ತೆಗೀತಾರೆ. ಕೇಳಿಸೋದೇ ಕಮ್ಮಿ ಆಗಿದ್ರೆ ಯಂತ್ರ ಕೊಡ್ತಾರೆ."

"ಕಿವಿಗೆ ಯಂತ್ರ ಸಿಕ್ಕಿಸ್ಕೊಂಡು ಕ್ಲಾಸಿಗೆ ಹೋಗ್ಲಾ? ಮಕ್ಕಳು ಕಿವುಡ ಮೇಷ್ಟ್ರು ಅಂತಾವೆ."

"ಈಗಾಗ್ಲೇ ಅಂತಾವೆ ಸಾರ್. ನಿಮಗೆ ಕೇಳಿಸ್ತಿಲ್ಲ, ಅಷ್ಟೆ."

ದರ್ಜಿಯಮ್ಮ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಾರ್ಯಕರ್ತೆ ನಗಲಿಲ್ಲ. "ಮೂಗಿನ ಮೇಲೆ ಕನ್ನಡಕ ಇದೆಯಲ್ಲ, ಯಾರಾದ್ರೂ ಕುರುಡ ಮೇಷ್ಟ್ರು ಅಂದ್ರಾ? ಕಣ್ಣಿಗೆ ಹಾಕಿದ್ರೆ ಪಂಡಿತ, ಕಿವಿಗೆ ಹಾಕಿದ್ರೆ ಅವಮಾನ. ಇದ್ಯಾವ ಲೆಕ್ಕ ಸಾರ್?"

ಲೆಕ್ಕದ ಮೇಷ್ಟ್ರಿಗೇ ಆ ಲೆಕ್ಕ ಬಿಡಿಸಲಾಗಲಿಲ್ಲ. ಹುಡುಗಿಯ ಕಡೆ ತಿರುಗಿ, "ತಪ್ಪಾಯ್ತಮ್ಮ," ಅಂದರು.

ದರ್ಜಿಯಮ್ಮ ತಡೆದಳು. "ಬೈದದ್ದು ನಲವತ್ತು ಜನರ ಮುಂದೆ ಸಾರ್. ನಮ್ಮನೆ ಬಾಗಿಲಲ್ಲಿ ತಪ್ಪಾಯ್ತು ಅಂದ್ರೆ ಆ ನಲವತ್ತು ಜನಕ್ಕೆ ಕೇಳಿಸುತ್ತಾ?"

"ನಾಳೆ ಕ್ಲಾಸಿಗೆ ಕರ್ಕೊಂಡು ಬನ್ನಿ, ಅಲ್ಲೇ ಹೇಳ್ತೀನಿ," ಅಂದು ಮೇಷ್ಟ್ರು ಮನೆಗೆ ಬಂದರು. ಹೆಂಡತಿಗೆ ವಿಷಯ ಹೇಳಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ.

"ರೀ, ಎದುರು ಮನೆಯವರು ತಮ್ಮ ಟೀವಿ ಹಾಕೋದೇ ಬಿಟ್ಟಿದಾರೆ. ವಾರ್ತೆಯೆಲ್ಲ ನಮ್ಮ ಟೀವಿಯಿಂದಲೇ ಕೇಳಿಸ್ಕೋತಾರೆ. ಮೊನ್ನೆ ಫ್ಯಾನ್ ಆರಿಸಿ ಅಂದ್ರೆ, ನೆಲ ಒರೆಸಿ ಅಂತ ಕೇಳಿಸ್ಕೊಂಡು ಬಟ್ಟೆ ತಗೊಂಡು ಬಂದ್ರಿ. ಹೇಗೂ ಒರೆಸ್ತಿದಾರಲ್ಲ, ಯಾಕೆ ತಡೀಲಿ ಅಂತ ಸುಮ್ಮನಿದ್ದೆ."

"ಎರಡು ವರ್ಷದಿಂದ ಹೇಳ್ಬಾರದಾಗಿತ್ತಾ?"

"ಹೇಳಿದೆ. ನಿಮಗೆ ಕೇಳಿಸ್ಲಿಲ್ಲ."

ಮಾರನೇ ದಿನ ಹುಡುಗಿ ಅಮ್ಮನ ಜೊತೆ ಬಂದು ಕ್ಲಾಸಿನ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ಮೇಷ್ಟ್ರು ಬೋರ್ಡಿನ ಕಡೆಗಲ್ಲ, ಮಕ್ಕಳ ಕಡೆ ಮುಖ ಮಾಡಿ ಹೇಳಿದರು: "ಅವತ್ತು ಇವಳ ಉತ್ತರ ಸರಿಯಿತ್ತು. ಕೇಳಿಸದೇ ಇದ್ದದ್ದು ನನ್ನ ಕಿವಿಗೆ. ಬೈದದ್ದು ಮಾತ್ರ ನನ್ನ ಬಾಯಿ, ಅದಕ್ಕೆ ಯಾವ ರೋಗವೂ ಇರಲಿಲ್ಲ. ಹೊಲಿಗೆ ಕೆಲಸವನ್ನ ಹೀನಾಯ ಮಾಡಿದ್ದೂ ತಪ್ಪು. ನನ್ನ ಕ್ಷಮಿಸಮ್ಮ."

ಹುಡುಗಿ ಒಳಗೆ ಬಂದು ತನ್ನ ಬೆಂಚಿನಲ್ಲಿ ಕೂತು ಪುಸ್ತಕ ತೆಗೆದಳು.

ಅದೇ ವಾರ ಆಸ್ಪತ್ರೆ. ಎರಡೂ ಕಿವಿ ಮಂದವಾಗಿತ್ತು, ಯಂತ್ರ ಬಂತು. ಮೊದಲ ಹತ್ತು ದಿನ ಮೇಷ್ಟ್ರು ಅದನ್ನು ಕಿತ್ತೆಸೆಯೋದೊಂದು ಬಾಕಿ. ಫ್ಯಾನು, ಬೆಂಚು, ಸೀಮೆಸುಣ್ಣದ ಕಿರಗುಟ್ಟುವಿಕೆ, ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದ ಹಾಗೆ. ಮೊದಮೊದಲು ಹಾಗೇ, ದಿನಾ ಸ್ವಲ್ಪ ಸ್ವಲ್ಪ ಹಾಕಿ ಅಂತ ಕಾರ್ಯಕರ್ತೆ ಹೇಳಿದ್ದಳು. ಹಾಗೇ ಹಾಕಿದರು. ತಿಂಗಳಿಗೆ ಸರಿಹೋಯಿತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಪದೇಪದೇ "ಏನು? ಏನು?" ಅಂತಿದಾರಾ? ಟೀವಿ ಸದ್ದು ಏರುತ್ತಾ ಇದೆಯಾ? ಒಂದು ಕೇಳಿದರೆ ಇನ್ನೊಂದು ಉತ್ತರ ಬರುತ್ತಿದೆಯಾ? ನಗಬೇಡಿ. ಬೈಯಬೇಡಿ. ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ನಾಳೆ ಅನ್ನಬೇಡಿ. ಒಬ್ಬರ ಕಿವಿ ಕೇಳಿಸದಿದ್ದರೆ ಇನ್ನೊಬ್ಬರ ಓದೇ ನಿಂತುಹೋಗಬಹುದು. ಯಂತ್ರ ಹಾಕಿದರೆ ಜನ ನಗುತ್ತಾರೆ ಅಂತೀರಾ? ನಗುತ್ತಾರೆ. ಸುಳ್ಳು ಯಾಕೆ ಹೇಳಲಿ. ಈ ಮೇಷ್ಟ್ರನ್ನು ನೋಡಿಯೂ ನಕ್ಕರು.

ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಮುಂದೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದಾಗ, ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಜನರಲ್ಲಿ ಒಬ್ಬ ಹಿಂದಿನಿಂದ ಕೂಗಿದ: "ನೋಡ್ರೋ, ಮೇಷ್ಟ್ರು ಕಿವಿಗೆ ರೇಡಿಯೋ ಸಿಕ್ಕಿಸಿದಾರೆ! ಯಾವ ಸ್ಟೇಷನ್ ಸಾರ್ ಬರ್ತಿರೋದು?"

ಬಸ್ಸಿನ ಗದ್ದಲದ ನಡುವೆ, ಬೆನ್ನ ಹಿಂದಿನ ಆ ಮಾತು ಅಕ್ಷರ ಅಕ್ಷರವೂ ಕೇಳಿಸಿತು. ನಾಲ್ಕು ಜನರ ನಗುವೂ ಬೇರೆ ಬೇರೆಯಾಗಿ ಕೇಳಿಸಿತು. ಮೊದಲ ಪೀರಿಯಡ್ ಮೇಷ್ಟ್ರದೇ ಇತ್ತು. ಯಂತ್ರವನ್ನು ಕಿವಿಯಲ್ಲಿ ಸರಿಯಾಗಿ ಕೂರಿಸಿಕೊಂಡು ಸೈಕಲ್ ಹತ್ತಿ ಶಾಲೆಗೆ ಹೊರಟುಹೋದರು.