ಏಣಿಯ ಮೇಲೆ ಏಳು ದಿನ

"ಸಾಕು ಅಕ್ಕ, ಇನ್ನು ಉಜ್ಜಬೇಡ. ಚರ್ಮ ಕಿತ್ತು ಬರುತ್ತೆ," ಎಂದು ತಮ್ಮ ನೀರಿನ ಬೇಸಿನ್ ಹಿಡಿದುಕೊಂಡೇ ಹೇಳಿದ.

ಅವಳು ನಿಲ್ಲಿಸಲಿಲ್ಲ. ಅಪ್ಪನ ಬಲಗೈ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಹಳೆಯ ಟೂತ್‌ಬ್ರಶ್ಶಿನಿಂದ ಉಗುರಿನ ಸಂದಿಯನ್ನು ತಿಕ್ಕುತ್ತಿದ್ದಳು. ಐವತ್ತು ವರ್ಷ ಕಿಟಕಿಗಳಿಗೆ ಗಾಜು ಕೂರಿಸಿದ ಕೈ. ಗಾಜಿನ ಅಂಚಿಗೆ ಪುಟ್ಟಿ ಮೆತ್ತಿ ಒತ್ತಿ ಒತ್ತಿ, ಬೆರಳಿನ ತುದಿ ಚಮಚದ ಹಿಂಬದಿಯಂತೆ ಚಪ್ಪಟೆಯಾಗಿಹೋಗಿತ್ತು. ಹೋದ ವಾರವೂ ಪಕ್ಕದ ಮನೆಯ ಬಚ್ಚಲ ಕಿಟಕಿಗೆ ಒಂದು ಗಾಜು ಹಾಕಿಕೊಟ್ಟು ಬಂದಿದ್ದ. ಉಗುರಿನೊಳಗೆ ಬೂದುಬಣ್ಣದ ಗೆರೆ ಹಾಗೇ ಇತ್ತು.

"ಬಿಡು ಅದನ್ನ," ಎಂದಳು ಅಮ್ಮ ಬಾಗಿಲಲ್ಲಿ ನಿಂತು. "ಅದು ಹೋದ್ರೆ ನನಗೇ ಗುರುತು ಸಿಗಲ್ಲ. ಮದುವೆ ದಿನಾನೂ ಇತ್ತು ಆ ಕೊಳೆ."

ತಮ್ಮ ಬೇಸಿನ್ ಕೆಳಗಿಟ್ಟ. "ಹನ್ನೊಂದೂವರೆಗೆ ಚಿತಾಗಾರದ ಹಾಲ್ ನಮ್ಮದು. ಅರ್ಧ ಗಂಟೆ ಅಷ್ಟೇ, ಆಮೇಲೆ ಇನ್ನೊಬ್ಬರು ಬರ್ತಾರೆ. ನೀನೇ ನಾಲ್ಕು ಮಾತಾಡ್ಬೇಕು."

"ನಾನಾ?"

"ಇನ್ಯಾರು? ದಿನಾ ನಲವತ್ತು ಮಕ್ಕಳ ಮುಂದೆ ಮಾತಾಡೋಳು ನೀನು. ನಾನು ಬಾಯಿ ಬಿಟ್ರೆ ಅತ್ತೇಬಿಡ್ತೀನಿ. ಆ ಸಮುದ್ರದ ವಿಲ್ಲಾ ಇತ್ತಲ್ಲ, ಅದರ ಕತೆ ಹೇಳು. ನಾವೆಲ್ಲ ಒಟ್ಟಿಗೆ ಹೋಗಿದ್ದು ಅದೊಂದೇ ರಜಾ."

ಅವಳು ಬ್ರಶ್ಶನ್ನು ನೀರಿನಲ್ಲಿ ಅದ್ದಿ ತೊಳೆದಳು. "ನಿನಗೇನು ನೆನಪಿದೆ ಅದರದ್ದು?"

"ಕೆಂಪು ರಬ್ಬರ್ ದೋಣಿ. ಯಾವಾಗ್ಲೂ ಗಾಳಿ ಹೋಗ್ತಿತ್ತು ಅದರದ್ದು. ಊದಿ ಊದಿ ನನ್ನ ಕೆನ್ನೆ ನೋಯ್ತಿತ್ತು."

ಆಗ ಅವನಿಗೆ ಐದು ವರ್ಷ. ಅವಳಿಗೆ ಹನ್ನೆರಡು.

* * *

ವಿಲ್ಲಾ ಸಿಕ್ಕಿದ್ದೇ ಗಾಜಿನ ದೆಸೆಯಿಂದ. ಅದರ ಯಜಮಾನಿಯ ಊರಿನ ಮನೆಯಲ್ಲಿ ಅಪ್ಪ ಕೆಲಸ ಮಾಡಿದ್ದ. ಸಮುದ್ರದ ಕಡೆಯ ವರಾಂಡದ ಗಾಜುಗಳೆಲ್ಲ ಉಪ್ಪುಗಾಳಿಗೆ ಸಡಿಲಾಗಿ ಅಲುಗಾಡುತ್ತಿವೆ, ಅವನ್ನು ಸರಿಮಾಡಿಕೊಟ್ಟರೆ ಬೇಸಿಗೆಯಲ್ಲಿ ಹನ್ನೆರಡು ದಿನ ನಿಮ್ಮಂಥವರಿಗೂ ಎಟುಕುವ ಬಾಡಿಗೆಗೆ ಬಿಡುತ್ತೇನೆ ಎಂದಿದ್ದಳು ಆಕೆ. 'ನಿಮ್ಮಂಥವರು' ಎಂಬುದನ್ನು ಅಪ್ಪ ಆಕೆಯ ರಾಗದಲ್ಲೇ ಹೇಳಿ ಮನೆಯವರನ್ನೆಲ್ಲ ನಗಿಸಿದ್ದ. ಮಗಳಿಗೆ ಮಾತ್ರ ನಗು ಬಂದಿರಲಿಲ್ಲ.

ಐದು ದಿನ ಕೆಲಸ, ಏಳು ದಿನ ಸಮುದ್ರ, ಎಂದು ಅಪ್ಪ ಮೊದಲೇ ಗೊತ್ತುಮಾಡಿಕೊಂಡಿದ್ದ. ಅದಕ್ಕೆಂದೇ ನೀಲಿ ಪಟ್ಟೆಯ ಈಜುಚಡ್ಡಿಯೊಂದನ್ನು ಕೊಂಡಿದ್ದ. ಬಂದ ದಿನವೇ ಅದನ್ನು ಪ್ಯಾಂಟಿನ ಮೇಲೆ ಸೊಂಟಕ್ಕೆ ಹಿಡಿದುಕೊಂಡು ವಿಲ್ಲಾದ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ.

"ಈ ವಯಸ್ಸಲ್ಲಿ ಇದೊಂದು ಕೇಡು ನಿಮಗೆ," ಎಂದು ಅಮ್ಮ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ಪಕ್ಕದ ವಿಲ್ಲಾದಲ್ಲಿ ಒಬ್ಬ ಡಾಕ್ಟರರ ಸಂಸಾರವಿತ್ತು. ಅವರ ಮಗಳು ಅವಳ ಓರಗೆಯವಳು. ಆ ಹುಡುಗಿಗೆ ತನ್ನದೇ ಈಜುಟೋಪಿ ಇತ್ತು, ನೀರಿನೊಳಗೆ ನೋಡುವ ಕನ್ನಡಕ ಇತ್ತು, ಮಂಚದ ಮೇಲೆ ಮಲಗಿದಷ್ಟು ಸಲೀಸಾಗಿ ನೀರಿನ ಮೇಲೆ ಮಲಗುವುದಕ್ಕೆ ಬರುತ್ತಿತ್ತು. ಮೂರನೆಯ ದಿನ ಆ ಹುಡುಗಿಯೇ ಬಂದು "ನೀನು ನನ್ನ ಫ್ರೆಂಡ್ ಆಗ್ತೀಯಾ?" ಎಂದು ಕೇಳಿದಳು. ಅಂಥ ಹುಡುಗಿ ಅಂಥ ಮಾತು ಕೇಳಿದ್ದೇ ದೊಡ್ಡದಾಗಿತ್ತು.

ಐದನೆಯ ದಿನ ಇಬ್ಬರೂ ಒದ್ದೆಗಾಲಿನಲ್ಲಿ ವರಾಂಡಕ್ಕೆ ಬಂದರು. ಅಪ್ಪ ಹೊರಗೆ ಏಣಿಯ ಮೇಲೆ ನಿಂತು ಕೊನೆಯ ಸಾಲು ಮುಗಿಸುತ್ತಿದ್ದ. ಮೈಮೇಲೆ ಬೆವರಿಗೆ ಅಂಟಿದ ಬನಿಯನ್, ಕಿವಿಯ ಹಿಂದೆ ಸೀಮೆಸುಣ್ಣ, ಎಡಗೈಯಲ್ಲಿ ಪುಟ್ಟಿಯ ಉಂಡೆ.

"ಆ ಮನುಷ್ಯ ಯಾರು?" ಎಂದು ಹುಡುಗಿ ಕೇಳಿದಳು. "ಬೆಳಿಗ್ಗೆಯಿಂದ ಸಾಯಂಕಾಲದ ತನಕ ನಿಮ್ಮನೇಲೇ ಇರ್ತಾನಲ್ಲ."

ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿತ್ತು ಅವಳಿಗೆ.

"ಗಾಜಿನವನು," ಎಂದಳು.

"ಮತ್ತೆ ನಿಮ್ಮಪ್ಪ?"

"ಆಫೀಸಲ್ಲಿ ತುಂಬ ಕೆಲಸ. ಆಮೇಲೆ ಬರ್ತಾರೆ."

ಅಪ್ಪನ ಮುಂದಿದ್ದ ಚೌಕಟ್ಟಿನಲ್ಲಿ ಇನ್ನೂ ಗಾಜು ಕೂತಿರಲಿಲ್ಲ. ಮಾತು ನೇರ ಹೊರಗೆ ಹೋಯಿತು. ಅಪ್ಪನ ಹೆಬ್ಬೆರಳು ಮರದ ಮೇಲೆ ಹಾಗೇ ನಿಂತಿತು. ಆಮೇಲೆ ಅವನು ಚೌಕಟ್ಟಿನೊಳಕ್ಕೆ ತಲೆ ಬಗ್ಗಿಸಿದ.

"ಮೇಡಮ್ಮೋರೇ, ಸ್ವಲ್ಪ ಹಿಂದೆ ಸರೀರಿ. ಗಾಜು ಎತ್ತುತಾ ಇದ್ದೀನಿ."

ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ಬೇರೆಯವರ ಮನೆಗಳಲ್ಲಿ ಅಪ್ಪ ಬಳಸುವ ದನಿ ಎಂಥದೆಂದು ಅವಳು ಕೇಳಿದ್ದು ಅವತ್ತೇ ಮೊದಲು. ಅವನು ಗಾಜು ಕೂರಿಸಿ, ಯಾರೂ ತಿಳಿಯದೆ ಕೈ ತಾಗಿಸದಿರಲೆಂದು ಅದರ ಮೇಲೆ ಸೀಮೆಸುಣ್ಣದಿಂದ ಅಡ್ಡಗೀಟು ಎಳೆದು, ಏಣಿ ಇಳಿದ.

ಕೆಲಸ ಅಲ್ಲಿಗೆ ಮುಗಿದಿತ್ತು. ಮರುದಿನ ಬೆಳಿಗ್ಗೆ ಅಪ್ಪ ಮತ್ತೆ ಕೆಲಸದ ಪ್ಯಾಂಟಿನಲ್ಲೇ ಬಂದ.

"ಇವತ್ತಿಂದ ಸಮುದ್ರ ಅಂದಿದ್ರಲ್ಲ?" ಎಂದಳು ಅಮ್ಮ.

"ಎರಡು ಸಾಲು ಸರಿಯಾಗಿ ಕೂತಿಲ್ಲ. ಮತ್ತೆ ಬಿಚ್ಚಬೇಕು."

ಮಗಳ ಕಡೆ ಅವನು ನೋಡಲಿಲ್ಲ. ಸೊಂಟದ ತನಕ ನೀರಿನಲ್ಲಿ ನಿಂತುಕೊಂಡು ಅವಳೇ ಅವನ ಕಡೆ ನೋಡಿದಳು. ಅಪ್ಪ ತಾನೇ ಮೆತ್ತಿದ್ದ, ಇನ್ನೂ ಒಣಗಿರದ ಪುಟ್ಟಿಯನ್ನು ಕೆರೆದು ತೆಗೆದ. ಚೆನ್ನಾಗಿ ಕೂತಿದ್ದ ಗಾಜನ್ನು ಬಿಚ್ಚಿದ. ಎರಡೂ ಕಡೆ ಕಾಗದದಿಂದ ಒರೆಸಿ, ಅದೇ ಗಾಜನ್ನು ಅದೇ ಚೌಕಟ್ಟಿಗೆ ಮತ್ತೆ ಕೂರಿಸಿದ. ಆಮೇಲೆ ಅದರ ಪಕ್ಕದ್ದು. ಹೀಗೆ ಏಳು ದಿನ.

ಕರೆಯುವುದಕ್ಕೆ ಎರಡು ಮಾತು ಸಾಕಿತ್ತು. ಪ್ರತಿ ಬೆಳಿಗ್ಗೆ, ಇವತ್ತು ಕರೆಯುತ್ತೇನೆ ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಆ ಹುಡುಗಿ ಟೋಪಿ ಹಾಕಿಕೊಂಡು ಬಂದುಬಿಡುತ್ತಿದ್ದಳು. ಒಂದು ದಿನ ಹುಡುಗಿ ಏಣಿಯ ಕಡೆ ಕೈ ಬೀಸಿದಳು. ಅಪ್ಪ ಹಣೆಗೆ ಕೈಯಿಟ್ಟು ಸಲಾಮು ಹೊಡೆದ. ಹೊರಡುವ ದಿನ ಹುಡುಗಿ, "ಪಾಪ, ನಿಮ್ಮಪ್ಪ ಬರಲೇ ಇಲ್ಲ," ಎಂದಳು.

"ಹೂಂ, ಬರಲಿಲ್ಲ."

ಈಜುಚಡ್ಡಿ ಅಂಗಡಿಯ ಚೀಟಿಯ ಸಮೇತ ಪೆಟ್ಟಿಗೆ ಸೇರಿತು. ಬಸ್ಸಿನುದ್ದಕ್ಕೂ ಅಮ್ಮ ಬೈದಳು. ಅಪ್ಪ ಕಿಟಕಿಯ ಆಚೆ ನೋಡುತ್ತ ಎಲ್ಲದಕ್ಕೂ "ಹೌದು, ಹೌದು" ಎಂದ. ಮನೆಗೆ ಬಂದ ಮೇಲೂ ಅವನು ಮಗಳನ್ನು ಮೇಡಮ್ಮೋರು ಎಂದೇ ಕರೆದ. ಊಟಕ್ಕೆ ಬನ್ನಿ ಮೇಡಮ್ಮೋರೇ. ಪರೀಕ್ಷೆ ಹೇಗಾಯ್ತು ಮೇಡಮ್ಮೋರೇ. ಅವಳು ಟೀಚರಾದ ಮೇಲೆ ಜನ ಅದು ಅದಕ್ಕೇ ಬಂದ ಹೆಸರು ಎಂದುಕೊಂಡರು. ಪ್ರತಿ ಸಲವೂ ಅವಳು ಅದರೊಳಗೆ ಏನಿದೆ ಎಂದು ಕಿವಿಗೊಟ್ಟು ಕೇಳುತ್ತಿದ್ದಳು. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಗೊತ್ತಾಗಲಿಲ್ಲ. ಯಾರನ್ನು ಕೇಳಬೇಕಾಗಿತ್ತೋ ಅವನು ಮೊನ್ನೆ ಸಂಜೆ ಕುರ್ಚಿಯಲ್ಲಿ ಕೂತಿದ್ದ ಹಾಗೇ ಹೋಗಿಬಿಟ್ಟ.

* * *

ಚಿತಾಗಾರದ ಹಾಲ್‌ನಲ್ಲಿ ಆರು ಸಾಲು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮುಂದೆ ಎತ್ತರದ ಮೇಜಿನ ಮೇಲೆ ಅಪ್ಪನನ್ನು ಮಲಗಿಸಿದ್ದ ಪೆಟ್ಟಿಗೆ, ಅದರ ಹಿಂದೆ ಮುಚ್ಚಿದ ಕಬ್ಬಿಣದ ಬಾಗಿಲು. ಗಾಜಿನ ಕೆಲಸದವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡನೆಯ ಸಾಲಿನಲ್ಲಿ ಕೂತು, ಅಭ್ಯಾಸಬಲದಿಂದ ಹಾಲ್‌ನ ಕಿಟಕಿಗಳನ್ನೇ ನೋಡುತ್ತಿದ್ದರು.

"ಯಾವನಯ್ಯ ಇದನ್ನ ಕೂರಿಸಿದ್ದು? ಮೂಲೆ ಸಂದೀಲಿ ಬೆಳಕು ಕಾಣ್ತಿದೆ," ಎಂದ ಒಬ್ಬ.

"ಮೆಲ್ಲಗೆ ಮಾತಾಡೋ. ಅವನು ಎದ್ದು ಬಂದು ಸರಿಮಾಡೋಕೆ ನಿಂತಾನು," ಎಂದವನು ಏಣಿ ಮಾವ. ಅಪ್ಪ ಹತ್ತಿದ ಏಣಿಯನ್ನು ಮೂವತ್ತು ವರ್ಷ ಕೆಳಗೆ ನಿಂತು ಹಿಡಿದಿದ್ದವನು. ಅವಳಿಗೂ ತಮ್ಮನಿಗೂ ಅವನ ಬೇರೆ ಹೆಸರೇ ಗೊತ್ತಿರಲಿಲ್ಲ.

ಅವಳು ಮೊದಲ ಸಾಲಿನಲ್ಲಿ ಅಮ್ಮನ ಕೈ ಹಿಡಿದು ಕೂತಿದ್ದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಇನ್ನು ಕಾಲು ಗಂಟೆಯಲ್ಲಿ ಆ ಬಾಗಿಲು ತೆಗೆಯುತ್ತಾರೆ. ಹೇಳುವುದಿದ್ದರೆ ಅಪ್ಪ ಈಚೆ ಇರುವಾಗಲೇ ಹೇಳಬೇಕು.

ತಮ್ಮ ಹಿಂದಿನಿಂದ ಬಾಗಿದ. "ಅಕ್ಕ, ಏಳು. ವಿಲ್ಲಾ ಕತೆ."

"ವಿಲ್ಲಾ ಕತೆಯಾ?" ಏಣಿ ಮಾವ ಎದ್ದೇ ನಿಂತ. "ಅಯ್ಯೋ, ಅದನ್ನ ನಾನು ಹೇಳ್ಬೇಕು. ಅದರಲ್ಲಿ ಮೇಡಮ್ಮೋರೇ ಒಂದು ಪಾತ್ರ, ಅವರು ಸರಿಯಾಗಿ ಹೇಳಲ್ಲ!"

ಹಾಲ್‌ನಲ್ಲಿ ಸಣ್ಣಗೆ ನಗು ಎದ್ದಿತು. ಆ ದಿನಗಳ ಬಗ್ಗೆ ಅಪ್ಪ ಯಾರಿಗಾದರೂ ಏನಾದರೂ ಹೇಳಿರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ನಮ್ಮ ಈ ಮಹಾಶಯ ಏನು ಮಾಡ್ದ ಗೊತ್ತಾ? ಮಗಳ ಹೊಸ ಫ್ರೆಂಡ್ ಮುಂದೆ, 'ನಾನು ಇವರಪ್ಪ ಅಲ್ಲ, ಗಾಜಿನವನು' ಅಂತ ನಾಟಕ ಶುರು ಮಾಡಿದ್ನಂತೆ. ಸುಮ್ನೆ, ಮಗಳನ್ನ ಗೋಳು ಹುಯ್ಕೊಳ್ಳೋಕೆ. ಮೇಡಮ್ಮೋರೇ, ಸರೀರಿ, ಅಂತ! ಪಾಪ, ಮಗು ಏಣಿ ಕೆಳಗೆ ನಿಂತು ಅಳ್ತಿದ್ಳಂತೆ. ಅಪ್ಪಾ ಇಳಿದು ಬಾ, ಅಪ್ಪಾ ಈಜೋಕೆ ಬಾ, ಅಂತ. ಇಳಿದ್ನಾ ಆಸಾಮಿ? ಇಲ್ಲ! ಏಳು ದಿನ! ಒಳ್ಳೇ ಗಾಜು ಬಿಚ್ಚೋದು, ಕೂರಿಸೋದು, ಬಿಚ್ಚೋದು, ಕೂರಿಸೋದು. 'ಹಠಕ್ಕೆ ಬಿದ್ದು ರಜಾ ಎಲ್ಲ ಹಾಳು ಮಾಡ್ಕೊಂಡೆ ಕಣೋ, ಮಗಳನ್ನೂ ಅಳಿಸಿದೆ' ಅಂತ ಕೆಲಸದಲ್ಲಿ ಊಟಕ್ಕೆ ಕೂತಾಗೆಲ್ಲ ಹೇಳೋನು. ಹೇಳಿ, ಅವನೇ ಎಲ್ಲರಿಗಿಂತ ಜಾಸ್ತಿ ನಗೋನು."

ಎಲ್ಲರೂ ನಕ್ಕರು. ಕೆಲವರು ಕಣ್ಣೊರೆಸಿಕೊಂಡರು. ತಮ್ಮ ನಗುತ್ತ ಅಳುತ್ತಿದ್ದ.

ಅವಳು ಎದ್ದು ಪೆಟ್ಟಿಗೆಯ ಪಕ್ಕ ಹೋಗಿ ನಿಂತಳು. ತರಗತಿಯಲ್ಲಿ ಗದ್ದಲ ನಿಲ್ಲುವುದಕ್ಕೆ ಕಾಯುವಂತೆ ಕಾದಳು.

"ಅದು ಹಾಗಲ್ಲ ಮಾವ," ಎಂದಳು. "ಅಪ್ಪ ಏನೂ ನಾಟಕ ಆಡಲಿಲ್ಲ. ಆ ಹುಡುಗಿ, ಇವರು ಯಾರು ಅಂತ ಕೇಳಿದ್ಳು. ಗಾಜಿನವನು ಅಂತ ನಾನೇ ಹೇಳಿದ್ದು. ಅಪ್ಪಂಗೆ ಕೇಳಿಸ್ತು. ನನ್ನ ಮಾತು ಸುಳ್ಳಾಗಬಾರದು ಅಂತ ಅವರು ಏಣಿ ಹತ್ತಿ ಕೂತರು. ನಾನು ಅಳಲಿಲ್ಲ. ಒಂದು ಸಲಾನೂ ಕರೀಲಿಲ್ಲ."

ಏಣಿ ಮಾವ ಎರಡೂ ಕೈ ಮೇಲೆತ್ತಿದ.

"ನೋಡಿದ್ರಾ? ನೋಡಿದ್ರಾ? ಈಗಲೂ ಅಪ್ಪನ ತಪ್ಪು ತನ್ನ ತಲೆ ಮೇಲೆ ಹಾಕ್ಕೋತಾಳೆ! ಮಗಳು ಅಂದ್ರೆ ಇವಳು ಕಣ್ರಯ್ಯ!"

"ನಿಜ ಹೇಳ್ತಿದ್ದೀನಿ ಮಾವ."

"ಆಯ್ತಮ್ಮ. ನಿಜಾನೇ. ಆಯ್ತು."

ಬಿದ್ದ ಮಗುವಿಗೆ ನೆಲವನ್ನು ಹೊಡೆದು ತೋರಿಸುವವರ ದನಿ ಅದು. ಎರಡನೆಯ ಸಾಲಿನಲ್ಲಿ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮೂವತ್ತೆರಡು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಅವಳ ಬಾಯಿಂದ ಹೊರಬಿದ್ದು, ಎಲ್ಲರ ಒದ್ದೆ ಕಣ್ಣುಗಳಲ್ಲಿ ಅವಳ ಒಳ್ಳೆಯತನವಾಗಿ ಕೂತಿತು. ಅವಳು ಬಂದು ಅಮ್ಮನ ಪಕ್ಕ ಕೂತು ಮತ್ತೆ ಕೈ ಹಿಡಿದುಕೊಂಡಳು.

ನಗದಿದ್ದವಳು ಅಮ್ಮ ಒಬ್ಬಳೇ. ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಗಾಜು ಸರಿಯಾಗೇ ಕೂತಿತ್ತಾ?" ಎಂದಳು ತಗ್ಗಿದ ದನಿಯಲ್ಲಿ.

"ಹೂಂ ಅಮ್ಮ."

"ಮೊದಲನೇ ಸಲಾನೇ?"

"ಮೊದಲನೇ ಸಲಾನೇ."

"ಬಸ್ಸಲ್ಲಿ ಎಲ್ಲರ ಎದುರಿಗೂ ಅಂದೆ," ಎಂದಳು ಅಮ್ಮ. "ಗಾಜಿನವನಾಗಿ ಹತ್ತು ಗಾಜು ನೆಟ್ಟಗೆ ಕೂರಿಸೋಕೆ ಬರಲ್ವಲ್ಲ ಅಂತ. ಆಮೇಲೂ ಎಷ್ಟು ಸಲ ಅಂದೆ. ಹೋದ ವಾರ ಪಕ್ಕದ ಮನೆ ಬಚ್ಚಲಿಗೆ ಹೊರಟಾಗಲೂ ಅಂದೆ, ಈ ಸಲ ಎಷ್ಟು ದಿನ ಬೇಕು ಅಂತ. ನಕ್ಕೊಂಡೇ ಹೋದರು."

"ಅಮ್ಮ..."

ಅಮ್ಮ ತನ್ನ ಕೈಯನ್ನು ಮಗಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಡಿಲಲ್ಲಿ ಇನ್ನೊಂದು ಕೈಯ ಮೇಲೆ ಇಟ್ಟುಕೊಂಡಳು.

ಬೂದು ಕೋಟಿನ ನೌಕರನೊಬ್ಬ ಬಂದು ಕಬ್ಬಿಣದ ಬಾಗಿಲಿನ ಚಿಲಕ ಸರಿಸಿದ. "ಆರು ಜನ ಬನ್ನಿ," ಎಂದ. ತಮ್ಮ, ಏಣಿ ಮಾವ, ನಾಲ್ವರು ಗಾಜಿನವರು ಎದ್ದರು. ಅವಳೂ ಎದ್ದು ಹೋಗಿ ಮಾವನಿಗೂ ಅವನ ಹಿಂದಿನವನಿಗೂ ನಡುವೆ ನಿಂತಳು.

"ಮೇಡಮ್ಮೋರೇ, ನೀವು ಬಿಡಿ. ಭಾರ ಆಗುತ್ತೆ."

"ಇರಲಿ ಮಾವ."

ದೊಡ್ಡ ಗಾಜು ಹೊರುವವರು ಎತ್ತರ ಸರಿಹೊಂದುವವರನ್ನೇ ಜೋಡಿ ಮಾಡಿಕೊಳ್ಳುತ್ತಾರೆ. ಆರು ಹೆಗಲುಗಳು ಒಂದೇ ಮಟ್ಟದಲ್ಲಿ ಎದ್ದವು. ಮಾವ ಬಾಯೊಳಗೇ "ಎಡ... ಎಡ..." ಎಂದ, ಎಲ್ಲರ ಹೆಜ್ಜೆಯೂ ಒಂದಾಯಿತು, ಪೆಟ್ಟಿಗೆ ಕೂದಲಿನಷ್ಟೂ ಅಲುಗಲಿಲ್ಲ. ಅದರ ತಳ ಅವಳ ಹೆಗಲಿನಿಂದ ಎರಡು ಬೆರಳು ಮೇಲಿತ್ತು. ಅವಳು ಹೆಗಲು ಎತ್ತಿದಳು. ತಾಗಲಿಲ್ಲ. ಚಪ್ಪಲಿಯಲ್ಲೇ ತುದಿಗಾಲಿನ ಮೇಲೆ ನಿಂತಳು, ಆಗಲೂ ಭಾರ ಬೀಳಲಿಲ್ಲ. ಕತ್ತು ಚಾಚಿ, ಹಿಮ್ಮಡಿ ಎತ್ತಿ, ಕಾಲು ನಡುಗುತ್ತಿದ್ದರೂ ಹಿಮ್ಮಡಿ ಊರದೆ, ಅವಳು ಬಾಗಿಲಿನ ತನಕ ಹಾಗೇ ನಡೆದಳು.